ಕಾರ್ಬ್ಯುರೇಟರಿನ ಮೇಲೆ ಕೆಂಪು ಅರಗು

27 ಮಾರ್ಚ್ 1974, ಬುಧವಾರ

ನಮ್ಮ ಹಿಮಗಾಡಿಯ ಸ್ಕ್ರೂ ಮುಟ್ಟಲು ನಮಗೇ ಹಕ್ಕಿಲ್ಲ. ಇದು ಅನ್ಯಾಯ. ಬೇರೆ ಮಾತಿಲ್ಲ.

ಇವತ್ತೂ ಅದೇ. ಮಂದೆಯ ಹಿಂದೆ, ನಡಿಗೆಯ ವೇಗ. ಇಂಜಿನ್ ಕೆಮ್ಮಿತು, ನಿಂತಿತು. ಹಗ್ಗ ಎಳೆದು ಸ್ಟಾರ್ಟ್ ಮಾಡಿದೆ — ಮತ್ತೆ ನಿಂತಿತು. ಹನ್ನೊಂದು ಸಲ. ಇಂಜಿನ್ನಿಗೆ ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಕಾರ್ಬ್ಯುರೇಟರಿನ ಒಂದು ಪುಟ್ಟ ಸ್ಕ್ರೂ. ಅದರ ಮೇಲೆ ಪೇಟೆಯ ಡೀಲರ್ ಕೆಂಪು ಅರಗು ಹಾಕಿದ್ದಾನೆ. ಒಡೆದರೆ ಗ್ಯಾರಂಟಿ ಹೋಯಿತು. ಒಡೆಯದಿದ್ದರೆ ತೊಂಬತ್ತು ಕಿಲೋಮೀಟರ್ ಎಳೆದುಕೊಂಡು ಹೋಗಬೇಕು. ಅವನು ಸ್ಕ್ರೂ ತಿರುಗಿಸಿಟ್ಟಿರುವುದು ರಜೆಗೆ ಬಂದು ಜೋರಾಗಿ ಓಡಿಸುವವರಿಗೆ. ಗಬ್ಬದ ಹಿಮಸಾರಂಗಗಳ ಹಿಂದೆ ದಿನವಿಡೀ ತೆವಳುವ ನಮಗಲ್ಲ.

ಪೇಟೆಯ ಸಭೆಯಲ್ಲಿ ಹಂಚಿದ ಕ್ರಾಂತಿಯ ಕರಪತ್ರದಲ್ಲಿ ಸ್ಪಷ್ಟವಾಗಿದೆ: ಉಪಕರಣ ಬಳಸುವವರದು.

30 ಮಾರ್ಚ್

ಇಸ್ಸಾತ್ ಮಾವನ ಮನೆಯಲ್ಲಿ ಕಾಫಿ. ನಮ್ಮ ಸಿಯಿದಾದ, ಅಂದರೆ ಒಟ್ಟಾಗಿ ಸಾರಂಗ ಕಾಯುವ ಗುಂಪಿನ, ಐದೂ ಮನೆಯವರು. ಐದು ಗಾಡಿ, ಒಂದೇ ಮಂದೆ. ಕರಪತ್ರ ಓದಿ ಹೇಳಿದೆ. ಮಾವ ಕಾಫಿಗೆ ಒಣಮಾಂಸದ ಚೂರು ಹಾಕುತ್ತಾ ಕೇಳಿದ:

"ಅದ್ರಲ್ಲಿ ಸ್ಕ್ರೂ ಬಗ್ಗೆ ಏನಾದ್ರೂ ಬರ್ದಿದ್ಯಾ ರಿಸ್ತೆನ್, ಇಲ್ಲಾ ಬರೀ ಕ್ರಾಂತಿನಾ?"

ಎಲ್ಲರೂ ನಕ್ಕರು. ನಗಲಿ.

"ಅರಗು ಒಡೆಯೋಣ. ಮೋಪೆಡ್ಡಿನ ಮೀಟರ್ ಕೇಬಲ್ ಇದ್ಯಲ್ಲ, ಅದನ್ನ ಸ್ಕ್ರೂಗೆ ಬೆಸೆದು ಹ್ಯಾಂಡಲ್ ಹತ್ರ ತರ್ತೀನಿ. ಕೂತಲ್ಲೇ, ಕೈಗವಸು ಬಿಚ್ಚದೇ ತಿರುಗಿಸ್ಬೋದು."

"ಕರಾವಳಿಗೆ ಹೋಗೋ ದಾರೀಲಿ ಒಂದು ಗಾಡಿ ಕೆಟ್ರೆ ಮಂದೆ ನಿಲ್ಲುತ್ತೆ. ಕರುಗಳು ಹಿಮದಲ್ಲೇ ಹುಟ್ಟಿ ಹಿಮದಲ್ಲೇ ಸಾಯ್ತವೆ. ಯಾರು ಹೊಣೆ?"

"ನಾನು."

"ಅಬ್ಬಾ! ಹತ್ತೊಂಬತ್ತು ವರ್ಷದ ಹೊಣೆ!"

ಬೆರಿತ್ ಅತ್ತೆ ಮಾತ್ರ ನಗಲಿಲ್ಲ. "ಮಾಡ್ಲಿ ಬಿಡೋ. ನನ್ನ ಗಾಡಿಯಿಂದ್ಲೇ ಶುರು ಮಾಡೇ."

ಏಪ್ರಿಲ್ 21ಕ್ಕೆ ಕರಾವಳಿಗೆ ಹೊರಡುವುದು. ಮಾವನ ಷರತ್ತು: ಅಷ್ಟರೊಳಗೆ ಒಂದು ಗಾಡಿ ಕೈಕೊಟ್ಟರೂ ಐದೂ ಡೀಲರ್ ಬಳಿಗೆ ವಾಪಸ್ಸು, ಹೊಸ ಅರಗು. ಒಪ್ಪಿದೆ.

4 ಏಪ್ರಿಲ್, ಸಂಜೆ

ಐದೂ ಮುಗಿಯಿತು! ಕೇಬಲ್ ತುದಿಗೆ ಹಿಡಿದು ತಿರುಗಿಸಲು ಕೊಂಬಿನ ಗುಬುಟು. ಅವರವರ ಗುಬುಟು ಅವರೇ ಕೆತ್ತಿಕೊಂಡರು, ಮೇಲೆ ಅವರವರ ಕಿವಿಗುರುತು — ಯಾರ ಸಾರಂಗವೆಂದು ತಿಳಿಯಲು ಕರುವಿನ ಕಿವಿಯಲ್ಲಿ ಕತ್ತರಿಸುವುದು. ಸ್ಕ್ರೂ ಮೆಲ್ಲಗೆ ಪೂರ್ತಿ ಒಳಕ್ಕೆ — ಬಿಗಿ ಮಾಡಿದರೆ ಮೊನೆ ಹಾಳು — ಅಲ್ಲಿಂದ ಒಂದೂಕಾಲು ಸುತ್ತು ಹೊರಕ್ಕೆ. ಐದೂ ಗಾಡಿಗೆ ಒಂದೇ ಲೆಕ್ಕ. ಸಮಾನತೆ ಎಂದರೆ ಇದೇ.

9 ಏಪ್ರಿಲ್

ಜನ ಸುಮ್ಮನಿರುವುದಿಲ್ಲ. ಮಧ್ಯಾಹ್ನ ಮಾವನ ಗಾಡಿಯಿಂದ ಹೊಗೆಯೋ ಹೊಗೆ. ಸ್ಕ್ರೂ ಅರ್ಧ ಸುತ್ತು ಹೆಚ್ಚು ಹೊರಕ್ಕೆ ಬಿಟ್ಟಿದ್ದಾನೆ, ಪೆಟ್ರೋಲ್ ಜಾಸ್ತಿ.

"ಆಟದ ಸಾಮಾನಾ ಇದು?"

"ತಿರುಗ್ಸಕ್ಕೆ ತಾನೇ ಕೊಟ್ಟಿದ್ದು, ತಾಯಿ?"

ಐದನ್ನೂ ಒಂದೂಕಾಲಿಗೆ ತಂದೆ. ಗುಬುಟಿನ ಬುಡಕ್ಕೆ ಪೇಂಟ್ ಬಳಿದೆ, ದಪ್ಪಗೆ. ಮನೆಯಲ್ಲಿದ್ದದ್ದು ಕೆಂಪು. ಇನ್ನು ಅಲುಗದು. ಶಿಸ್ತಿಲ್ಲದೆ ಏನೂ ಆಗುವುದಿಲ್ಲ.

16 ಏಪ್ರಿಲ್

ವಾರ ಬರೆಯಲಿಲ್ಲ. ಈಸ್ಟರ್, ಎರಡು ಮದುವೆ.

ಬೆಳಿಗ್ಗೆ ಮೈನಸ್ ಇಪ್ಪತ್ತಾರು. ಮಂದೆ ನೋಡಲು ಹೋದ ಅತ್ತೆ ಮಧ್ಯಾಹ್ನ ನಡೆದು ಬಂದಳು. ಒಂಬತ್ತು ಕಿಲೋಮೀಟರ್. ಗಾಡಿ ಕೆಮ್ಮಿ ಕೆಮ್ಮಿ ನಿಂತಿತಂತೆ. ಅಂಥ ಚಳಿಗೆ ಪೆಟ್ರೋಲ್ ಹೆಚ್ಚು ಬೇಕು. ಬಿಡೋಣವೆಂದರೆ ಗುಬುಟು ತಿರುಗದು. ನನ್ನ ಪೇಂಟ್.

ಬೈಯಲಿಲ್ಲ. ಚಳಿಗೆಂದು ಬೂಟಿನೊಳಗೆ ತುಂಬಿದ್ದ ಹುಲ್ಲು ತೆಗೆದು ಒಲೆಯ ಬಳಿ ಹರಡಿದಳು.

"ಅವ್ನು ಅರಗು ಹಾಕ್ದ. ನೀನು ಪೇಂಟ್ ಹಾಕ್ದೆ. ಎರಡೂ ಕೆಂಪೇ ಕಣೇ."

ಕರಪತ್ರ ಮಡಿಚಿಟ್ಟೆ.

"ಮಾವಂಗೆ ಹೇಳ್ತೀಯಾ?"

"ನಾನ್ಯಾಕೆ? ಬಾಯಿದೆಯಲ್ಲ ನಿಂಗೆ, ದೊಡ್ಡದು."

17 ಏಪ್ರಿಲ್

ಅತ್ತೆಯ ಜೊತೆ ಅವಳ ಗಾಡಿಯ ಬಳಿ ಹೋದೆ. ಪೇಂಟ್ ಕೆರೆದೆ. ಅವಳೇ ತಿರುಗಿಸಿದಳು, ತಲೆ ವಾಲಿಸಿ, ಕೇಳುತ್ತಾ. ಕೆಮ್ಮು ನಿಂತ ಜಾಗದಲ್ಲಿ ಗುಬುಟಿನ ಅಂಚಿಗೆ ಚಾಕುವಿನಿಂದ ಒಂದು ಕಚ್ಚು. ಬಿಸಿಲೇರಿ ಹಿಮ ಮೆತ್ತಗಾದಾಗ ಹೊಗೆ ಬಂತು. ಸ್ವಲ್ಪ ಒಳಕ್ಕೆ ತಿರುಗಿಸಿ ಇನ್ನೊಂದು ಕಚ್ಚು. ಕರುವಿನ ಕಿವಿ ಕತ್ತರಿಸುವ ಅದೇ ಕೈ. ನಾಲ್ಕು ತಾಸು ಮಂದೆಯ ಹಿಂದೆ ತೆವಳಿದೆವು. ಒಮ್ಮೆಯೂ ನಿಲ್ಲಲಿಲ್ಲ.

ಅಂದು ಮಾವ ಅರ್ಧ ಸುತ್ತು ಬಿಟ್ಟದ್ದು ಬೆಳಗಿನ ಚಳಿಗೆ ಇರಬೇಕು. ನಾನು ನೋಡಿದ್ದು ಮಧ್ಯಾಹ್ನ. ಕೇಳಲೇ ಇಲ್ಲ.

18 ಏಪ್ರಿಲ್, ಗುರುವಾರ

ಮಾವನಿಗೆ ಹೇಳಿದೆ. ತಪ್ಪು ಕೇಬಲ್ಲಿನದಲ್ಲ, ನನ್ನದು; ಪೇಂಟ್ ಬಳಿಯಬಾರದಿತ್ತು. ಕಾಫಿ ಊದುತ್ತಾ ಕೇಳಿದ:

"ಅಂದ್ರೆ ನನ್ನ ಹೊಗೆ ನನ್ನಿಷ್ಟ?"

"ನಿನ್ನಿಷ್ಟ. ಪ್ಲಗ್‌ಗೆ ಮಸಿ ಕಟ್ಕೊಂಡ್ರೆ ಅದೂ ನಿಂದೇ."

"ಕರಪತ್ರಕ್ಕಿಂತ ಇದು ವಾಸಿ." ಗೋಡೆಯ ಕ್ಯಾಲೆಂಡರ್ ನೋಡಿದ. "ಡೀಲರ್‌ಗೆ ಫೋನ್ ಮಾಡೋದು ಶನಿವಾರ ಮಧ್ಯಾಹ್ನಕ್ಕೆ ಇಟ್ಕೋತೀನಿ. ಅಷ್ಟರಲ್ಲಿ ತೋರ್ಸು."

ನಾನು ತೋರಿಸುವುದಿಲ್ಲ. ಎಲ್ಲರೂ ತಮ್ಮ ಗಾಡಿ, ತಮ್ಮ ಚಾಕು ತರಲಿ. ಅವರೇ ಕೇಳಲಿ, ಅವರೇ ಕಚ್ಚು ಹಾಕಲಿ. ನನ್ನ ಕೈ ಜೇಬಿನಲ್ಲಿ. ಚಳಿ ಇರುವಾಗಲೇ — ಶನಿವಾರ, ಬೆಳಿಗ್ಗೆ ಆರಕ್ಕೆ, ದೊಡ್ಡಿಯ ಗೇಟಿನ ಬಳಿ.