ಮೆತ್ತನೆಯ ಫ್ರೇಮು

೪ ಮಾರ್ಚ್ ೧೯೬೩, ಬೆಳಿಗ್ಗೆ ೧೦

ಕಾಂತಪ್ಪನ ಮೂಗಿನ ಮೇಲೆ ಮತ್ತೆ ಹುಣ್ಣು. ಹೋಟೆಲಿನಲ್ಲಿ ದಿನವಿಡೀ ಒಲೆಯೆದುರು ನಿಲ್ಲುವವನು. ಕನ್ನಡಕದ ತಂತಿಯ ಫ್ರೇಮು ಬೆಂಕಿಗೆ ಬಿಸಿಯಾಗುತ್ತದೆ.

"ಕಿವಿ ಕೊಯ್ದ ಹಾಗೆ ಆಗ್ತದೆ ಮಾರಾಯ. ಮೆತ್ತಗಿನದ್ದು ಎಂತಾದ್ರೂ ಮಾಡಿ ಕೊಡು."

ಕೊಂಬಿನ ಫ್ರೇಮು ಬೇಡ, ಸೀಳಿಹೋಗುತ್ತದೆ. ಸೆಲ್ಯುಲಾಯ್ಡ್ ಚೆನ್ನಾಗಿ ಬಾಗುತ್ತದೆ, ಆದರೆ ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಅಡಿಗೆಯವನಿಗೆ ಕೂಡದು. ಅಸಿಟೇಟೇ ಸರಿ. ಹಗುರ. ಬಿಸಿ ಮರಳಿನಲ್ಲಿಟ್ಟರೆ ಕಿವಿಯ ಆಕಾರಕ್ಕೆ ಬಾಗುತ್ತದೆ. ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಪಾಲುದಾರ ಸದಾನಂದನಿಗೆ ಹೇಳಿದೆ. ಶೀಟು ತರುವುದು ಅವನು, ಕೊಯ್ದು ಫ್ರೇಮು ಮಾಡುವುದು ನಾನು. ಒಂಬತ್ತು ವರ್ಷದಿಂದ ಅಂಗಡಿ ನಡೆದಿರುವುದೇ ಹಾಗೆ.

೧೩ ಮಾರ್ಚ್

ಶೀಟು ಬಂತು. ಜೇನಿನ ಬಣ್ಣ. ಅರ ಹಾಕುವಾಗ ಕರ್ಪೂರದ ವಾಸನೆ — ಸೆಲ್ಯುಲಾಯ್ಡಿಗೆ ಬರುವಂಥದ್ದು. ಸದಾನಂದನನ್ನು ಕೇಳಿದೆ.

"ಪೂಜೆ ಸಾಮಾನಿನ ಗೋಡೌನಲ್ಲಿ ಇಟ್ಟಿದ್ರಂತೆ. ಅಸಿಟೇಟೇ ಕಮಲಾಕರ, ನಾನು ಸುಳ್ಳು ಹೇಳ್ತೇನಾ?"

ಒಂದು ಚೂರು ಸುಟ್ಟು ನೋಡಬಹುದಿತ್ತು. ನೋಡಲಿಲ್ಲ. ಅವನನ್ನೇ ಪರೀಕ್ಷೆ ಮಾಡಿದ ಹಾಗಾಗುತ್ತದೆ...

೨೧ ಮಾರ್ಚ್

ಕಾಂತಪ್ಪ ಖುಷಿ. "ಹಾಕಿದ್ದೇ ಗೊತ್ತಾಗುದಿಲ್ಲ!" ಅದೇ ಶೀಟಿನಲ್ಲಿ ಇನ್ನೂ ನಾಲ್ಕು ಫ್ರೇಮು ಮಾಡಿ ಕೊಟ್ಟೆ.

೨೯ ಏಪ್ರಿಲ್, ಸಂಜೆ

ಕಾಂತಪ್ಪ ಕೀಲ್ಪಾಕ್ ಆಸ್ಪತ್ರೆಯಲ್ಲಿದ್ದಾನೆ. ಒಲೆಗೆ ಬಗ್ಗಿದಾಗ ಕಿಡಿ ಹಾರಿತಂತೆ. ಫ್ರೇಮು ಮುಖದ ಮೇಲೆಯೇ ಹೊತ್ತಿಕೊಂಡಿತು. ಎಡಗಣ್ಣು ಉಳಿಯುವುದು ಕಷ್ಟ.

ಅಂಗಡಿಗೆ ಬಂದು ಉಳಿದ ಚೂರಿಗೆ ಬೆಂಕಿಕಡ್ಡಿ ಗೀರಿದೆ. ಭಗ್ಗೆಂದಿತು.

೩೦ ಏಪ್ರಿಲ್

ಸದಾನಂದ ಮುಚ್ಚಿಡಲಿಲ್ಲ. "ಅಸಿಟೇಟ್ ಎಲ್ಲುಂಟು ಈಗ? ಆಮದು ಲೈಸೆನ್ಸ್ ಇಲ್ಲ, ಮಾಲಿಲ್ಲ. ಹೇಳಿದ್ರೆ ನೀನು ಮಾಡ್ತಿರ್ಲಿಲ್ಲ."

ಅದಕ್ಕೇ ಹೇಳಲಿಲ್ಲವಂತೆ. ಅಷ್ಟೇ ಉತ್ತರ.

ಆಸ್ಪತ್ರೆಗೆ ಹೋದೆ. ಸದಾನಂದ ನನಗಿಂತ ಮೊದಲೇ ಹೋಗಿ ಬಂದಿದ್ದ. ಕಾಂತಪ್ಪನ ಹೆಂಡತಿ ಜಲಜಾಕ್ಷಿ ಬಾಗಿಲಲ್ಲೇ ತಡೆದಳು.

"ಶೀಟು ಆರಿಸಿದ್ದು ನೀವಂತೆ. ಬೇಡ ಅಂದ್ರೂ ಕೇಳ್ಲಿಲ್ವಂತೆ. ಸದಾನಂದಣ್ಣ ಅತ್ಕೊಂಡು ಹೇಳಿದ್ರು."

ಇಲ್ಲ ಎಂದೆ. ಅವಳು ನಂಬಲಿಲ್ಲ. ಒಳಗೆ ಕಾಂತಪ್ಪ ಮುಖ ಗೋಡೆಗೆ ತಿರುಗಿಸಿದ. ಇಷ್ಟು ವರ್ಷ ಅವನ ಕೈಯಡಿಗೆ ಉಂಡಿದ್ದೇನೆ...

೩ ಮೇ

ಅಂಗಡಿ ಬಿಟ್ಟೆ. ಉಳಿದ ನಾಲ್ಕು ಫ್ರೇಮು ಯಾರ್ಯಾರ ಮುಖದ ಮೇಲಿವೆ ಎಂದು ನನಗೆ ಗೊತ್ತು. ಬಿಸಿಲಲ್ಲಿ ಮನೆಮನೆ ತಿರುಗಿದೆ. ಮೂರು ಸಿಕ್ಕವು. ಬ್ಯಾಂಕಿನ ಹರಿದಾಸರು ತಾವೇ ಕಳಚಿ ಕೊಟ್ಟರು, ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

೫ ಮೇ, ಮಧ್ಯಾಹ್ನ

ವಡಪಳನಿ. ನಾಲ್ಕನೆಯ ಫ್ರೇಮು ವೆಂಕಟಲಕ್ಷ್ಮಮ್ಮನವರದು. ಅವರು ಸಿನಿಮಾ ಸ್ಟುಡಿಯೋಗಳಿಗೆ ಬಟ್ಟೆ ಹೊಲಿಯುವವರು, ಮೈಸೂರಿನ ಕಡೆಯವರು. ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆ, ತುಂಬ ಕೆಂಡ.

"ಸದಾನಂದರು ನಿನ್ನೆ ಬಂದಿದ್ರು ಸಾರ್. ಜಗಳ ಆಡ್ಕೊಂಡು ಹೋಗಿದ್ದೀರಂತೆ. ಫ್ರೇಮ್ ಕೇಳಿದ್ರೆ ಕೊಡಬೇಡಿ ಅಂದ್ರು."

"ಅದು ಹೊತ್ಕೊಳ್ತದೆ ಅಮ್ಮ. ಒಬ್ಬನ ಕಣ್ಣು ಹೋಗಿದೆ."

"ಅಯ್ಯೋ, ಇಷ್ಟು ಹಾಯಾಗಿರೋದು ನಾನು ಜನ್ಮದಲ್ಲೇ ಹಾಕಿಲ್ಲ." ನಕ್ಕರು.

ಕೈ ಮುಗಿದೆ. ಬೇರೆ ಮಾಡಿ ಕೊಡುತ್ತೇನೆ, ಅಲ್ಲಿಯವರೆಗೆ ಕೆಂಡದ ಹತ್ತಿರ ಹಾಕಬೇಡಿ ಎಂದೆ. "ಪೋಂಗ ಸಾರ್, ಹೋಗಿ, ಕೆಲಸ ಇದೆ" ಎಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಊದಲು ಬಗ್ಗಿದರು.

ಕೈ ಹಾಕಿ ಮುಖದಿಂದ ಫ್ರೇಮು ಕಿತ್ತುಕೊಂಡೆ. ಓಡಿದೆ. ಬೀದಿಯೆಲ್ಲ "ತಿರುಡನ್, ತಿರುಡನ್" ಎಂದು ಕೂಗಿತು. ಹೌದು, ಕಳ್ಳನೇ. ಫ್ರೇಮು ಈಗ ನನ್ನ ಮನೆಯ ಮೇಜಿನ ಮೇಲಿದೆ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಸದಾನಂದನ ದನಿಯೂ ಇದೆ, ಪೊಲೀಸರಿಗೆ ಮನೆ ತೋರಿಸಲು ಅವನೇ—