ನಲವತ್ತು ಡೆಸಿಬಲ್ ಇಳಿಸಬೇಕಿತ್ತು

೪-೨-೨೦೦೩, ಮಂಗಳವಾರ. ಹುಣಸೂರು

ಬೀರಮ್ಮನಿಗೆ ಕೊಟ್ಟ ಮಾತು ಮುರಿದೆ. ಮುಚ್ಚಿಡಬೇಕಿದ್ದ ಹೆಸರನ್ನು ಊರಿಗೆಲ್ಲ ಕೇಳಿಸಿದೆ.

ಇಂದು ಗಾವಡಗೆರೆಯಲ್ಲಿ ಕಳ್ಳಭಟ್ಟಿ ವಿರುದ್ಧ ನಮ್ಮ ಸಂಘದ ಸಭೆ. ಅದನ್ನು ಕುಡಿದು ಬೀರಮ್ಮನ ಗಂಡನಿಗೆ ಕಣ್ಣು ಹೋಯಿತು. ಎದ್ದು ನಿಂತು ಮಾತಾಡಲಾರೆ ಎಂದಿದ್ದಳು. ಅದಕ್ಕೇ ಅವಳ ಮಾತನ್ನು ಅವಳ ಮನೆಯಲ್ಲೇ ರೆಕಾರ್ಡ್ ಮಾಡಿದ್ದೆ. ಒಂದು ಕಡೆ ಬಾಯಿತಪ್ಪಿ ಹೆಸರು ಬಂತು. ಕೂಡಲೇ ನನ್ನ ಕೈ ಹಿಡಿದು, ಅದೊಂದು ತೆಗೆದುಬಿಡು ಎಂದಿದ್ದಳು. ಹೂಂ ಅಂದಿದ್ದೆ.

ಸಭೆಯಲ್ಲಿ ಕ್ಯಾಸೆಟ್ ಹಾಕಿದೆವು. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆ ಜಾಗ ಬಂತು. ದನಿ ತಗ್ಗಿತು... ಆದರೂ ಮೈಕಿನ ಹಾರ್ನಿನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು — "ತಂದ್ಕೊಟ್ಟೋನು ನಮ್ಮಣ್ಣ ಸಿದ್ದಯ್ಯನೇ."

ಸಿದ್ದಯ್ಯ ಅದೇ ಊರಿನವನು. ಬೀರಮ್ಮ ಮುಂದಿನ ಸಾಲಿನಲ್ಲಿದ್ದಳು. ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದಳು. ನಾನು ಹಿಂದೆ ಹೋಗಲಿಲ್ಲ.

೫-೨-೨೦೦೩

ಗೆಳೆಯ ವಸಂತನ ಕಂಪ್ಯೂಟರ್ ಸೆಂಟರ್. ಕ್ಯಾಸೆಟ್ಟಿಗೆ ಹಾಕುವ ಮೊದಲು ಬೀರಮ್ಮನ ದನಿ ತಿದ್ದಿದ್ದು ಇಲ್ಲೇ. ತಪ್ಪು ಸಿಕ್ಕಿತು.

ಹೆಸರು ಬರುವ ಕಡೆ ದನಿಯ ಶಕ್ತಿ ನಲವತ್ತು ಡೆಸಿಬಲ್ ಇಳಿಯಬೇಕಿತ್ತು. ಅಂದರೆ ಕಂಪ್ಯೂಟರ್ ದನಿಯನ್ನು ಒಡೆದಿಟ್ಟ ಒಂದೊಂದು ಸ್ಯಾಂಪಲ್ಲೂ ನೂರರಲ್ಲಿ ಒಂದು ಪಾಲಾಗಬೇಕು. ಡೆಸಿಬಲನ್ನು ಇಪ್ಪತ್ತರಿಂದ ಭಾಗಿಸಿ ಹತ್ತರ ಘಾತ ಮಾಡಿದರೆ ಸಾಕು, ವರ್ಗಮೂಲ ಅದರಲ್ಲೇ ಸೇರಿದೆ. ನಾನು ಅದರ ಮೇಲೆ ಇನ್ನೊಮ್ಮೆ ವರ್ಗಮೂಲ ತೆಗೆದಿದ್ದೆ. ಇಳಿದದ್ದು ಇಪ್ಪತ್ತೇ. ತಗ್ಗಿಸಿದ ದಿನ ಜನರೇಟರ್ ಸದ್ದಿನಲ್ಲಿ, ಇಲ್ಲಿನ ಪುಟ್ಟ ಸ್ಪೀಕರಿನಲ್ಲಿ ಏನೂ ಕೇಳಿಸಿರಲಿಲ್ಲ. ಸರಿಯಾಗಿದೆ ಅಂದುಕೊಂಡೆ.

ಆದರೆ ಲೆಕ್ಕದ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ. ಆ ಹೆಸರನ್ನೇ ಕಟ್ ಮಾಡು ಎಂದು ವಸಂತ ಮೊದಲೇ ಹೇಳಿದ್ದ. ಜನರ ಮಾತಿಗೆ ಕತ್ತರಿ ಹಾಕುವುದು ಸರ್ಕಾರದ ಕೆಲಸ, ನಮ್ಮದಲ್ಲ — ಕರಪತ್ರದಲ್ಲಿ ಓದಿದ್ದನ್ನೇ ಅವನ ಮುಖಕ್ಕೆ ಎಸೆದಿದ್ದೆ. ಕತ್ತರಿಸುವುದಿಲ್ಲ, ತಗ್ಗಿಸುತ್ತೇನೆ ಅಂದಿದ್ದೆ. ಎಂಥ ಜಂಭ.

ಇವತ್ತು ಅವನು ಬೈಯಲಿಲ್ಲ. "ಒಂದೇ ಕೀ ಕಣೇ ಶಾಂತಲಾ, ಡಿಲೀಟ್" ಅಂದ ಅಷ್ಟೆ.

೮-೨-೨೦೦೩, ಶನಿವಾರ

ಮೂರು ದಿನ ಧೈರ್ಯ ಬರಲಿಲ್ಲ. ಇವತ್ತು ಬೀರಮ್ಮನ ಮನೆಗೆ ಹೋದೆ. ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ರಾಣಿ ನನ್ನನ್ನು ನೋಡಿ ಒಳಗೆ ಹೋದಳು.

ಮುಂದಿನ ತಿಂಗಳು ರಾಣಿಯ ಮದುವೆ. ಹುಡುಗಿಯನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಸಿದ್ದಯ್ಯ ಬರುವುದಿಲ್ಲ ಎಂದು ಹೇಳಿಕಳಿಸಿದ್ದಾನೆ. ಮಾವನೇ ಬರದ ಮದುವೆಗೆ ಗಂಡಿನ ಕಡೆಯವರು ಆಗಲೇ ಮೂಗು ಮುರಿಯುತ್ತಿದ್ದಾರಂತೆ.

ಮಿಶನ್ ಕೈಕೊಟ್ಟಿತು ಅಂದೆ. ನಾಚಿಕೆಗೇಡು — ಅಲ್ಲೂ ಸುಳ್ಳು.

"ನಾನ್ ಯೋಳಿದ್ದು ನಿಂಗೆ ಕಣವ್ವ, ಮಿಶನ್ನಿಗಲ್ಲ."

ಆಮೇಲೆ ಎಲ್ಲ ಹೇಳಿದೆ. ತೆಗೆಯಬಹುದಿತ್ತು, ತೆಗೆಯಲಿಲ್ಲ, ಅವಳ ಮಾತಿಗಿಂತ ನನ್ನ ತತ್ವ ದೊಡ್ಡದು ಅಂದುಕೊಂಡೆ, ಎಂದು. ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. ಇದನ್ನೇ ನೀನು ಬಂದು ಅಣ್ಣನ ಮುಂದೆ ಹೇಳಬೇಕು ಅಂದಳು. ಹೆಸರು ತೆಗೆ ಎಂದು ತಂಗಿ ಕೇಳಿಕೊಂಡಿದ್ದಳು ಎಂಬುದು ಅವನಿಗೆ ಗೊತ್ತಾಗಬೇಕು.

ವಿಷ ತಂದುಕೊಟ್ಟವನ ಬಾಗಿಲಿಗೆ ನಾನು ಹೋಗುವುದೇ? ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

"ಅವನಿಗೋಸ್ಕರ ಅಲ್ಲ, ನನ್ ಮಗಳಿಗೋಸ್ಕರ ಬಾ. ಬಾಯಿಗ್ ಬಂದಂಗೆ ಬಯ್ತಾನೆ. ಬೈಸ್ಕೋ."

ಹೂಂ ಅಂದೆ.

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಗಾವಡಗೆರೆ, ಸಿದ್ದಯ್ಯನ ಜಗಲಿ — ಈ ಸಲ ಕೊಟ್ಟ ಮಾತು ಇದು.