ಮಳ್ಳೀ ಅಂದರೆ ಮೊದಲಿಂದ

ಶ್ರೀಮದ್ ಐದನೇ ತರಗತಿ ಮಹಾಸಂಸ್ಥಾನದ ಪಟ್ಟದರಸಿ, ಕಪ್ಪುಹಲಗೆ ಸಿಂಹಾಸನಾಧೀಶ್ವರಿ, ಸೀಮೆಸುಣ್ಣ ಖಡ್ಗಧಾರಿಣಿ, ಗಲಾಟೆ ಗಜಗಳ ಮದಮರ್ದಿನಿ, ಮಾವಿನ ವಾಟೆಯನ್ನೇ ರಾಜದಂಡವಾಗಿ ಹಿಡಿದು ದನಿಯೆತ್ತದೆ ದಿಗ್ವಿಜಯ ಸಾಧಿಸಿದ ಪರಮಪೂಜ್ಯ ನಾಗವೇಣಿ ಮಿಸ್ ಅವರ ದಿವ್ಯ ಪಾದಾರವಿಂದಗಳಿಗೆ ಕೊನೇ ಬೆಂಚಿನ ಮಂಜುನಾಥನು ಸಾಷ್ಟಾಂಗವೆರಗಿ ಮಾಡಿಕೊಳ್ಳುವ ಬಿನ್ನಹ ಏನೆಂದರೆ,

ಏನೆಂದರೆ ಮಿಸ್, ನಿಮ್ಮ ಹೆಸರಿನ ಹಿಂದೆ 'ದಿವಂಗತ' ಎಂದು ಬರೆಯಲು ಕೈ ಬರಲಿಲ್ಲ. ಅದಕ್ಕೇ ಇಷ್ಟು ಬಿರುದು ತುಂಬಿಸಿ ಆ ಜಾಗ ಮುಚ್ಚಿದೆ. ನೀವು ಓದಿದರೆ "ಏನ್ಲಾ ನಾಯ್ನಾ, ನಾಟಕದ ಕಂಪನಿ ಸೇರ್ಕೊಂಡ್ಯಾ?" ಅನ್ನುತ್ತೀರಿ. ಇಲ್ಲ. ಇನ್ನೂ ನಮ್ಮೂರ ಶಾಲೆಯಲ್ಲೇ ಅತಿಥಿ ಶಿಕ್ಷಕನಾಗಿದ್ದೇನೆ. ನೀವು ನನಗೆ ಪಾಠ ಮಾಡಿದ ಕೋಣೆ, ನೀವು ಕೂರುತ್ತಿದ್ದ ಕುರ್ಚಿ. ಅದರ ಒಂದು ಕಾಲು ಈಗಲೂ ಗಿಡ್ಡ. ಕೂತಾಗೆಲ್ಲ ಅದು ಒಂದು ಕಡೆ ವಾಲಿ, ನನ್ನನ್ನು ಯಾರೋ ಎಬ್ಬಿಸುತ್ತಿರುವ ಹಾಗೆ ಆಗುತ್ತದೆ.

ನೀವು ವಾಟೆ ತಂದ ದಿನ ನೆನಪಿದೆಯಾ? ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವು ರಾಶಿ ಬಿದ್ದು, ಬಸ್ಸಿನ ಸೀಟಿಗೂ ಹಣ್ಣಿನ ವಾಸನೆ ಹತ್ತುವ ಕಾಲ. ತಿಂದು, ತೊಳೆದು, ಬಿಸಿಲಿಗೆ ಒಣಗಿಸಿದ ತೋತಾಪುರಿಯ ವಾಟೆಯೊಂದನ್ನು, ಅದೇ ಗೊರಟನ್ನು, ಮೇಜಿನ ಮೇಲಿಟ್ಟಿರಿ. ಅವತ್ತು ಪದಬಂಡಿ ಆಟ. ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಕಟ್ಟಬೇಕು. "ವಾಟೆ ಯಾರ ಕೈಲಿರ್ತದೋ ಅವರಿಗಷ್ಟೇ ಬಾಯಿ. ಮಿಕ್ಕೋರಿಗೆಲ್ಲ ಬರೀ ಕಿವಿ" ಅಂದಿರಿ. ನಾನು ಬಿಡುವವನಾ? "ಹಂಗಾರೆ ನಿಮಗೆ ಮಿಸ್?" ಅಂದೆ. "ನನಗೂ ಅಷ್ಟೇ ಕಣೋ" ಅಂದಿರಿ. ಅಂದಿನಿಂದ ಆಟದ ಮಧ್ಯೆ ನಿಮಗೆ ಏನಾದರೂ ಹೇಳಬೇಕೆನಿಸಿದರೆ ಅಂಗೈ ಚಾಚಿ ನಿಲ್ಲುತ್ತಿದ್ದಿರಿ, ವಾಟೆ ಹಿಡಿದ ಹುಡುಗ ತಡವರಿಸಿ, ತಲೆ ಕೆರೆದು, ಪದ ಹೇಳಿ ಮುಗಿಸಿ ಅದನ್ನು ಕೊಡುವವರೆಗೂ. ದೊಡ್ಡವರೊಬ್ಬರು ಮಾತಾಡಲು ಮಗುವಿನ ಮುಂದೆ ಕೈ ಚಾಚಿ ಕಾಯುವುದನ್ನು ನಾನು ಅಲ್ಲಿಯವರೆಗೂ ನೋಡಿರಲಿಲ್ಲ. ಆಮೇಲೆಯೂ...

ಅದಾದ ಮೇಲೆ ನಾನು ಮಂಡಿಯ ಹಿಂದಿನ ತಿಪ್ಪೆಯಿಂದ ಚೀಲದ ತುಂಬ ವಾಟೆ ಆರಿಸಿ ತಂದು ಇಡೀ ಕ್ಲಾಸಿಗೆ ಹಂಚಿದ್ದು ನೀವು ಮರೆತಿರಲಾರಿರಿ. ಆಟ ಶುರುವಾಗುತ್ತಲೇ ಎಲ್ಲರೂ ವಾಟೆ ಎತ್ತಿ ಹಿಡಿದು ಅರಚಿದೆವು. ಬೆತ್ತ ಬರುತ್ತದೆ ಎಂದು ನಾನು ಅಂಗೈಗೆ ಎಣ್ಣೆ ಬೇರೆ ಹಚ್ಚಿಕೊಂಡು ಬಂದಿದ್ದೆ. ನೀವು ಹಲಗೆಯ ಮೇಲೆ ಬರೆದಿರಿ: 'ಎಲ್ಲರ ಹತ್ತಿರವೂ ಇದೆ. ಎಲ್ಲರೂ ಮಾತಾಡಿ. ಪಕ್ಕದವರು ಹೇಳಿದ್ದನ್ನು ಕೇಳಿಸಿಕೊಂಡವರು ಗೆದ್ದಂತೆ.' ಯಾರಿಗೂ ಯಾರದೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮುನಿರಾಜ ನನ್ನ ತಲೆಗೇ ತನ್ನ ವಾಟೆ ಎಸೆದು, "ಲೇ, ನಿನ್ನಿಂದ ಆಟಾನೇ ಕೆಟ್ಟೋಯ್ತಲ್ಲೋ!" ಅಂದ. ಎಲ್ಲರೂ ತಮ್ಮದನ್ನು ಕಿಟಕಿಯಾಚೆ ಎಸೆದರು. ನೀವು ಒಂದು ಮಾತೂ ಆಡದೆ ಗೆದ್ದಿರಿ. ಎಣ್ಣೆ ಹಚ್ಚಿದ ಕೈಯಲ್ಲಿ ಬಳಪ ಹಿಡಿಯಲಾಗದೆ ನಾನು ಇಡೀ ದಿನ ಒದ್ದಾಡಿದೆ.

ಆಮೇಲೆ ಆ ಪದ. ನಿಮ್ಮ 'ಮಳ್ಳೀ'. ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ಕನ್ನಡ, ಅರ್ಧ ಮನೆಗಳಲ್ಲಿ ತೆಲುಗು, ಜಗಳ ಬಂದರೆ ಎಲ್ಲ ಮನೆಗಳಲ್ಲೂ ಎರಡೂ. ತೆಲುಗಿನ ಮಳ್ಳೀ ಅಂದರೆ ಇನ್ನೊಂದು ಸಲ, ಮೊದಲಿಂದ ಎನ್ನುವುದು ಇಲ್ಲಿ ಅಂಗನವಾಡಿ ಮಗುವಿಗೂ ಗೊತ್ತು. ಆಟದಲ್ಲಿ ಯಾರಾದರೂ ಹಿಂದಿನಿಂದ ಪದ ಪಿಸುಗುಟ್ಟಿದರೆ, ಸರದಿ ತಪ್ಪಿಸಿ ನುಗ್ಗಿದರೆ, ನೀವು ವಾಟೆ ಇಸಿದುಕೊಂಡು ಮೆಲ್ಲಗೆ "ಮಳ್ಳೀ" ಅನ್ನುತ್ತಿದ್ದಿರಿ. ಅಷ್ಟೇ. ಎಲ್ಲರೂ ಅವರವರ ಜಾಗಕ್ಕೆ ವಾಪಸು, ಆಟ ಮೊದಲಿಂದ. ಹೆಸರು ಕೂಗುವುದಿಲ್ಲ, ನಿಲ್ಲಿಸುವುದಿಲ್ಲ. "ಯಾರು ಮೋಸ ಮಾಡಿದ್ದು ಅಂತ ಹೇಳಿ ಮಿಸ್" ಎಂದು ನಾನು ಒಮ್ಮೆ ಪೀಡಿಸಿದಾಗ ನೀವು ಅಂದದ್ದು: "ಯಾರು ಯಾರು ಅಂತ ಹುಡುಕ್ತಾ ಕೂತ್ರೆ ಆಟ ಎಲ್ಲಿ ಉಳೀತದೆ ನಾಯ್ನಾ? ಪೊಲೀಸ್ ಸ್ಟೇಷನ್ ಆಗೋಗ್ತದೆ." ಮೋಸ ಮಾಡಿದವನಿಗೆ ತಾನು ಯಾರೆಂದು ಗೊತ್ತಿರುತ್ತಿತ್ತು. ಅಕ್ಕಪಕ್ಕದವರಿಗೂ ಗೊತ್ತಿರುತ್ತಿತ್ತು. ಮುಂದಿನ ಸಲ ಅವನು ಬಾಯಿ ತೆರೆಯುವ ಮೊದಲೇ ಅವರೇ ಮೊಣಕೈಯಲ್ಲಿ ತಿವಿಯುತ್ತಿದ್ದರು.

ವರ್ಷಗಳು ಕಳೆದು ಸಿಂಚನಾ ಶಾಲೆಗೆ ಸೇರಿದ ದಿನ ನಾನೂ ನಿಮ್ಮ ಪಕ್ಕದಲ್ಲೇ ಇದ್ದೆ. ಆಗ ನಾನು ನಿಮ್ಮ ಸಹೋದ್ಯೋಗಿ; ಹಾಗೆಂದು ಗಂಟಲು ಸರಿಮಾಡಿಕೊಂಡು ಹೇಳಿದಾಗಲೆಲ್ಲ ನೀವು ನಗುತ್ತಿದ್ದಿರಿ. ಅವಳ ಅಪ್ಪ ಹಾವೇರಿ ಕಡೆಯವರು, ಮಾವಿನ ರಸ ತೆಗೆಯುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಮನೆಯಲ್ಲಿ ತೆಲುಗಿನ ಗಾಳಿಯೂ ಇಲ್ಲ. ಆಟದ ಉತ್ಸಾಹದಲ್ಲಿ ಹುಡುಗಿ ಸರದಿ ತಪ್ಪಿಸಿ ಮಾತಾಡುತ್ತಿದ್ದಳು. ನೀವು "ಮಳ್ಳೀ" ಅನ್ನುತ್ತಿದ್ದಿರಿ. ಅವಳು ಮನೆಗೆ ಹೋಗಿ ಹೇಳಿದಳು: ಮಿಸ್ ನನಗ ಮಳ್ಳಿ ಅಂತಾರ. ಕನ್ನಡದ ಮಳ್ಳಿ! ನಮ್ಮ ಕಡೆ ಏನೂ ಅರಿಯದವಳಂತೆ ನಟಿಸುವ ಕಳ್ಳಿ; ಅವರ ಕಡೆ ಬುದ್ಧಿ ನೆಟ್ಟಗಿಲ್ಲದವಳು. ಅಪ್ಪ ಕಿಟಕಿಯಾಚೆ ನಿಂತು ಫೋನಿನಲ್ಲಿ ಹಿಡಿದರು. ನೀವು ಅವಳ ಕಡೆ ನೋಡಿ, ಮೆಲ್ಲಗೆ, ನಗುತ್ತಾ "ಮಳ್ಳೀ" ಅನ್ನುವುದು. ಸಂಜೆಯೊಳಗೆ ಅದು ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿತ್ತು: ನಗುನಗುತ್ತಲೇ ಬಾಲಕಿಯನ್ನು ನಿಂದಿಸುವ ಶಿಕ್ಷಕಿ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ ಮಿಸ್. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಕಥೆ ಹೇಳುತ್ತೇನೆ ಕೇಳಿ.

ಅವರು ಕೊಟ್ಟ ದೂರಿನ ವಿಚಾರಣೆಯ ದಿನ ಆಫೀಸ್ ರೂಮಿನಲ್ಲಿ ಹೆಡ್‌ಮಾಸ್ಟರು, ಶಾಲಾ ಸಮಿತಿಯ ಅಧ್ಯಕ್ಷರು, ಮೇಲಿನಿಂದ ಬಂದ ಸಾಹೇಬರು. ಮೂವರೂ ಮನೆಯಲ್ಲಿ ಅನ್ನ ಕೇಳುವುದೇ ತೆಲುಗಿನಲ್ಲಿ. ಸಿಂಚನಾಳ ಅಪ್ಪ, "ನಮ್ಮ ಹುಡುಗಿ ಮಳ್ಳಿ ಆಗಿ ಕಾಣ್ತಾಳೇನ್ರಿ ನಿಮಗ?" ಎಂದು ಕೇಳಿ ಹೊರಗೆ ಹೋಗಿ ನಿಂತರು. ನಾನು ಎದ್ದು, "ಸಾರ್, ಮಳ್ಳೀ ಅಂದ್ರೆ..." ಅನ್ನುವಷ್ಟರಲ್ಲಿ ಹೆಡ್‌ಮಾಸ್ಟರು, "ಗೆಸ್ಟ್ ಟೀಚರು ಗೆಸ್ಟ್ ಥರ ಇರ್ಬೇಕು. ಕೂತ್ಕೊಳಪ್ಪಾ" ಅಂದರು. ಆಮೇಲೆ ನನ್ನನ್ನು ಜಗಲಿಗೆ ಕರೆದು ಕಿವಿಯಲ್ಲಿ ಹೇಳಿದರು: ತೆಲುಗು ಪದ ಅಂದರೆ ಇನ್ನೂ ಕೆಡುತ್ತದೆ, ಗಡಿ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ತೆಲುಗು ಯಾಕೆ ಎಂದು ಪೇಪರಿನವರು ಬಂದು ಕೂರುತ್ತಾರೆ, ಆಗ ನಾವೆಲ್ಲರೂ ಸಿಕ್ಕಿಕೊಳ್ಳುತ್ತೇವೆ, ಆಕೆಗೆ ಹೇಗೂ ನಿವೃತ್ತಿ ಹತ್ತಿರ, ಹೊಂದಿಕೊಳ್ಳುತ್ತಾರೆ ಬಿಡು. ಇದಿಷ್ಟನ್ನೂ ಅವರು ನನಗೆ ಹೇಳಿದ್ದು ಅಚ್ಚ ತೆಲುಗಿನಲ್ಲಿ. ಅಂದರೆ ನಿಮ್ಮ ಆ ಒಂದು ಪದ ಕನ್ನಡದಲ್ಲಿ ಬೈಗುಳ, ತೆಲುಗಿನಲ್ಲಿ ಅಪರಾಧ. ನೀವು ಯಾವ ಭಾಷೆಯಲ್ಲಿ ನಿರಪರಾಧಿ ಆಗಬೇಕಿತ್ತು ಮಿಸ್?

ಒಳಗೆ ಬಂದು ನೋಡಿದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಿಮ್ಮ ಬಲಗೈ ಮೇಜಿನ ಮೇಲಿತ್ತು. ಅಂಗೈ ಮೇಲಾಗಿ. ತೆರೆದು. ಸಾಹೇಬರು ಆ ಕೈ ಪಕ್ಕದಲ್ಲೇ ಟೀ ಲೋಟ ಇಟ್ಟರು. ಆ ಕೋಣೆಯಲ್ಲಿ ಅದೇನೆಂದು ಗೊತ್ತಿದ್ದವನು ನಾನೊಬ್ಬನೇ. ಸಂಜೆ ಬಸ್ ಸ್ಟಾಪಿನಲ್ಲಿ, "ನೀವೇ ಒಂದ್ ಮಾತು ಹೇಳ್ಬೋದಿತ್ತಲ್ಲ ಮಿಸ್?" ಅಂತ ನಾನು ಸಿಡುಕಿದಾಗ, ನೀವು ಸೆರಗು ಸರಿಮಾಡಿಕೊಳ್ಳುತ್ತಾ, "ವಾಟೆ ಕೊಡ್ಲಿಲ್ವಲ್ಲೋ" ಅಂದಿರಿ. ನಗಬೇಕೋ, ಎದುರಿನ ಅಂಗಡಿಯ ಮೇಲೆ ಕಲ್ಲು ಹೊಡೆಯಬೇಕೋ ನನಗೆ ತಿಳಿಯಲಿಲ್ಲ. ಬಸ್ಸು ಬಂತು. ನೀವು ಹತ್ತಿದಿರಿ.

ನಿಮ್ಮನ್ನು ಮುಳಬಾಗಿಲು ಕಡೆಯ ಶಾಲೆಗೆ ನಿಯೋಜಿಸಿದ ಮೇಲೆ ಇಲ್ಲಿ ಏನಾಯಿತು ಎಂದು ನೀವು ಯಾವತ್ತೂ ಕೇಳಲಿಲ್ಲ. ಫೋನ್ ಮಾಡಿದರೆ, "ಊಟ ಆಯ್ತಾ? ಮಕ್ಕಳು ಹೆಂಗವ್ರೆ?" ಇಷ್ಟೇ. ಶನಿವಾರದ ಆಟ ನಿಂತಿತು. ಅದರ ಬದಲು ಮೌನ ಓದು. ಮೌನ ಓದಿಗೆ ಹೆಡ್‌ಮಾಸ್ಟರು "ಸೈಲೆನ್ಸ್!" ಎಂದು ಅರಚುವುದು ಹಾಲಿನ ಡೈರಿಯವರೆಗೂ ಕೇಳಿಸುತ್ತದೆ. ಮಾವು ಹೂ ಬಿಟ್ಟ ಹೊತ್ತಿಗೆ ನೀವು ಹೋದಿರಿ. ಶುಗರ್, ಹಾರ್ಟ್ ಅಂದರು ಡಾಕ್ಟರು. ಓದಿಕೊಂಡವರು ಹೇಳಿದ್ದು, ಇರಬಹುದು. ದಿನಾ ಎರಡೆರಡು ಬಸ್ಸು ಬದಲಿಸಿ, ಹೆಸರಿಗೆ ಮೆತ್ತಿದ ಆ ಮಸಿ ಹೊತ್ತುಕೊಂಡು, ಆ ವಯಸ್ಸಿನಲ್ಲಿ... ಬಿಡಿ. ಡಾಕ್ಟರಿಗೆ ಅದನ್ನೆಲ್ಲ ಅಳೆಯುವ ಯಂತ್ರ ಇರುವುದಿಲ್ಲ.

ನಿಮ್ಮ ಶ್ರದ್ಧಾಂಜಲಿ ಸಭೆ ಅದ್ಧೂರಿಯಾಗಿ ನಡೆಯಿತು ಮಿಸ್. ನೀವು ಇದ್ದಿದ್ದರೆ ಎದ್ದು ಹೋಗುತ್ತಿದ್ದಿರಿ. ನಿಮ್ಮ ಫೋಟೋಗೆ ಸೇವಂತಿಗೆ ಹಾರ ಹಾಕಿ ಅದೇ ಗಿಡ್ಡ ಕಾಲಿನ ಕುರ್ಚಿಯ ಮೇಲೆ ಕೂರಿಸಿದ್ದರು. ನೀವು ಒಂದು ಕಡೆ ವಾಲಿಕೊಂಡು ಎಲ್ಲರನ್ನೂ ನೋಡುತ್ತಿದ್ದಿರಿ. ಹೆಡ್‌ಮಾಸ್ಟರು ಮೈಕು ಕಿರುಗುಟ್ಟುವಂತೆ, "ಆ ಮಹಾತಾಯಿ ಎಂದೂ ದನಿ ಎತ್ತಿದವರಲ್ಲ!" ಎಂದು ಕೂಗಿದರು. ಮುಂದಿನ ಸಾಲಿನ ಒಂದನೇ ಕ್ಲಾಸಿನ ಮಗುವೊಂದು ಕಿವಿ ಮುಚ್ಚಿಕೊಂಡಿತು. ಸಿಂಚನಾಳ ಅಪ್ಪನೂ ಬಂದಿದ್ದರು, ಗೇಟಿನ ಹತ್ತಿರ, ಚಪ್ಪಲಿ ಕಳಚಿ.

ಕೊನೆಗೆ ಮೌನಾಚರಣೆ. ಎಲ್ಲರೂ ಎದ್ದು ತಲೆ ತಗ್ಗಿಸಿದೆವು. ಇಡೀ ಅಂಗಳ ನಿಮ್ಮ ಆಟದ ಕ್ಲಾಸಿನ ಹಾಗೆ ಸ್ತಬ್ಧ. ಅಷ್ಟರಲ್ಲಿ ಹೆಡ್‌ಮಾಸ್ಟರ ಜೇಬಿನಿಂದ ತಮಟೆ ಬಡಿಯಿತು. ಅವರ ರಿಂಗ್‌ಟೋನು. ಅವರು ಜೇಬು ತಡಕಿದರು, ಫೋನು ಕೈ ಜಾರಿತು, ತಮಟೆ ನೆಲದ ಮೇಲೆ ಬಿದ್ದು ಇನ್ನೂ ಜೋರಾಗಿ ಬಡಿಯಿತು. ಅಂತೂ ಆರಿಸಿ, ಗಂಟಲು ಸರಿಮಾಡಿ, "ಎಲ್ಲರಿಗೂ ಧನ್ಯವಾದ, ಇನ್ನು ನೀವು..." ಎಂದು ಮುಗಿಸಲು ಹೊರಟಾಗ ಹುಡುಗಿಯರ ಸಾಲಿನಿಂದ ಒಂದು ಸಣ್ಣ ದನಿ:

"ಮಳ್ಳೀ."

ಸಿಂಚನಾ. ಕಣ್ಣು ಮುಚ್ಚಿಯೇ ಹೇಳಿದಳು. ಜೋರಾಗಿ ಅಲ್ಲ, ನಿಮ್ಮ ಹಾಗೆ. ಅಷ್ಟೂ ಮಕ್ಕಳು ಮತ್ತೆ ತಲೆ ತಗ್ಗಿಸಿದರು. ಆಗ ಹೆಡ್‌ಮಾಸ್ಟರು ಏನು ಮಾಡಿದರು ಗೊತ್ತಾ? ತಾವೂ ತಟ್ಟನೆ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಯೋಚಿಸಲು ಪುರುಸೊತ್ತೇ ಸಿಗಲಿಲ್ಲ ಪಾಪ. ಅಧ್ಯಕ್ಷರೂ ಅಷ್ಟೇ. ಅರ್ಥವಾಗದವರು ಹಾಗೆ ನಿಲ್ಲುತ್ತಾರಾ? ಬೈಗುಳ ಕೇಳಿದವರು ಹಾಗೆ ನಿಲ್ಲುತ್ತಾರಾ? ಮೌನ ಮೊದಲಿಂದ ಶುರುವಾಯಿತು. ಗೇಟಿನ ಹತ್ತಿರ ಸಿಂಚನಾಳ ಅಪ್ಪ ಮಾತ್ರ ಕಣ್ಣು ತೆರೆದೇ ಇದ್ದರು, ಒಬ್ಬೊಬ್ಬರನ್ನೇ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸರ, ಮತ್ತೊಮ್ಮೆ ಅಂತಾನ ಏನ್ರಿ ಅದರ ಅರ್ಥ?" ಅಂದರು. ಹೌದು ಅಂದೆ. "ನನ್ನ ಮಗಳಿಗೂ ಗೊತ್ತಾಗೇತಿ. ಇವರಿಗೆಲ್ಲ ಆವತ್ತೇ ಗೊತ್ತಿತ್ತಲ್ರಿ? ಯಾಕ ಯಾರೂ ನನಗ ಹೇಳ್ಲಿಲ್ಲ?" ಅವರು ನೇರ ಆಫೀಸ್ ರೂಮಿಗೆ ಹೋಗಿ, ದೂರು ವಾಪಸು ತಗೋತೀನಿ, ಟೀಚರ ಹೆಸರು ಸ್ವಚ್ಛ ಮಾಡ್ರಿ ಅಂದರು. ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತಾ, "ಅದು ಕ್ಲೋಸ್ ಆಗಿದೆ ಸಾರ್. ಕ್ಲೋಸ್ ಆಗಿದ್ದನ್ನ ಮಳ್ಳೀ ಓಪನ್ ಮಾಡಕ್ಕಾಗಲ್ಲ" ಅಂದರು.

ಅಂದೇಬಿಟ್ಟರು ಮಿಸ್! ಅವರ ಬಾಯಿಂದಲೇ. ನಿಮ್ಮ ಪದ. ಸಿಂಚನಾಳ ಅಪ್ಪ, "ಏನಂದ್ರಿ?" ಅಂದರು. ಹೆಡ್‌ಮಾಸ್ಟರು ಕಪಾಟಿಗೆ ಬೀಗ ಹಾಕಿ ಎದ್ದರು. ಅಷ್ಟೇ. ನಿಮ್ಮ ಹೆಸರಿನ ಮಸಿ ಹಾಗೇ ಇದೆ. ಯಾರನ್ನೂ ಹುಡುಕಬೇಡ ಎಂದು ನೀವು ಕಲಿಸಿದಿರಿ. ನಿಮ್ಮನ್ನು ಮಾತ್ರ ಹುಡುಕಿ ನಿಲ್ಲಿಸಿದರು. ಆ ವಿಚಾರಣೆಯಲ್ಲಿ ಅವರಿಗೆ ಯಾರೂ ಮಳ್ಳೀ ಅನ್ನಲಿಲ್ಲ.

ಈಗ ನಿಮಗೆ ತಲುಪದ ಸುದ್ದಿ. ಶನಿವಾರದ ಪದಬಂಡಿ ಮತ್ತೆ ಶುರುವಾಗಿದೆ. ನಾನು ಅನುಮತಿ ಕೇಳಲಿಲ್ಲ, ಹೆಡ್‌ಮಾಸ್ಟರು ಯಾಕೆ ಎಂದು ಕೇಳಲಿಲ್ಲ. ಇಬ್ಬರಿಗೂ ಕಾರಣ ಗೊತ್ತು. ವಾಟೆ ಅದೇ, ನೀವು ಮೇಜಿನಲ್ಲಿ ಬಿಟ್ಟುಹೋದದ್ದು, ನಿಮ್ಮ ಕೈಯಲ್ಲಿ ನುಣುಪಾಗಿದ್ದು. ನನಗೆ ಮಾತಾಡಬೇಕಾದಾಗ ಅಂಗೈ ಚಾಚಿ ನಿಲ್ಲುತ್ತೇನೆ. ಆ ಪಿಳ್ಳೆಗಳು ಬೇಕೆಂದೇ ತಡಮಾಡಿ ಕೊಡುತ್ತಾರೆ, ನನ್ನಿಂದಲೇ ಕಲಿತವರು. ನಾನು ಇಲ್ಲಿರುವವರೆಗೂ ಆಟದಲ್ಲಿ ಮೋಸ ಇರುವುದಿಲ್ಲ, ನಾನು ದನಿ ಎತ್ತುವುದಿಲ್ಲ. ಇದು ನನ್ನ ವಚನ. ಬೇಕಾದರೆ ಶಿವಾರಪಟ್ಟಣಕ್ಕೆ ಹೋಗಿ ಕಲ್ಲಿನಲ್ಲಿ ಕೆತ್ತಿಸಿ ನಿಮ್ಮ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ಇಡುತ್ತೇನೆ.

ಇನ್ನು ಒಂದೇ ಒಂದು ಸಣ್ಣ ವಿಷಯ. ಸಿಂಚನಾ ಮಳ್ಳೀ ಅಂದದ್ದು ತಾನಾಗಿಯೇ, ದೇವರಾಣೆ, ನಾನು ಹೇಳಿಕೊಟ್ಟಿದ್ದಲ್ಲ. ಆದರೆ ಮೌನಾಚರಣೆಯ ಮಧ್ಯೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿದ್ದು, ಕೈ ಬೆನ್ನ ಹಿಂದೆ ಇಟ್ಟುಕೊಂಡು, ನಾನು. "ಯಾಕೋ ಮಾಡಿದ್ದೆ?" ಎಂದು ಆಮೇಲೆ ಕೇಳಿದರು. ಜೇಬಲ್ಲಿ ತಾನೇ ಒತ್ತಿಕೊಂಡುಬಿಡ್ತು ಸಾರ್ ಅಂದೆ.

ಅದು ಮೋಸದಾಟ ಅಂತ ಗೊತ್ತು ಮಿಸ್. ಮಳ್ಳೀ ಅನ್ನಿ. ಒಂದೇ ಒಂದು ಸಲ, ಮೆಲ್ಲಗೆ. ನಾನು ಮೊದಲಿಂದ ಶುರು ಮಾಡ್ತೀನಿ.